ಉದ್ಯಾನದ ನಾಲ್ಕನೇ ಬದಿ

ನನ್ನ ಷಡ್ಡಕನಿಗೆ, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡನಿಗೆ, ಒಳ್ಳೆಯದಾಗಲಿ ಎಂದು ಈ ಕೆಲವು ವರ್ಷಗಳಲ್ಲಿ ನಾನು ಒಮ್ಮೆಯೂ ಬಯಸಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಯಾಕೆಂದರೆ ಮುಂದೆ ಓದುವವರಿಗೆ ನಡುವೆ ಎಲ್ಲೋ ನಾನು ಅವನನ್ನು ಕ್ಷಮಿಸಿಬಿಟ್ಟೆನೇನೋ ಅನ್ನಿಸಬಹುದು. ನಮ್ಮ ಲೇಔಟಿನ ಮಂದಿಯೂ ಹಾಗೇ ತಿಳಿದುಕೊಂಡಿದ್ದಾರೆ. ಎದುರಿಗೆ ಸಿಕ್ಕಾಗ ನನ್ನ ದೊಡ್ಡ ಮನಸ್ಸನ್ನು ಹೊಗಳುತ್ತಾರೆ.

ನಾನು ಸರ್ವೇಯರ್. ತಿಕೋಟಾ ತಾಲ್ಲೂಕು ಕಚೇರಿಯಲ್ಲಿ ಹೊಲ ಅಳೆಯುವ ನೌಕರಿ. ಕನಮಡಿಯ ಒಣ ಹೊಲಗಳಿಂದ ಹಿಡಿದು ದ್ರಾಕ್ಷಿ ತೋಟಗಳ ತನಕ ಹದಿನೆಂಟು ವರ್ಷ ಟೇಪು ಹಿಡಿದು ತಿರುಗಿದ್ದೇನೆ. ಅಣ್ಣತಮ್ಮಂದಿರ ನಡುವೆ ಕಲ್ಲು ನೆಟ್ಟಿದ್ದೇನೆ, ಇಬ್ಬರಿಂದಲೂ ಬೈಸಿಕೊಂಡಿದ್ದೇನೆ. ಯಾವ ರೈತ ಎಷ್ಟೇ ಆಣೆ ಮಾಡಿ ತನ್ನ ಬದು ಇಲ್ಲೇ ಇದೆ ಅಂದರೂ ನಾನು ತಲೆ ಅಲ್ಲಾಡಿಸಿ, ನಕಾಶೆ ಬಿಡಿಸಿ, ಅಳೆದೇ ನಂಬುವವನು. ಅಂಥ ನಾನು ಜೀವನದಲ್ಲಿ ಒಂದೇ ಒಂದು ಸಲ ಅಳೆಯದೆ ಒಬ್ಬನ ಮಾತು ನಂಬಿದೆ.

ಮಗಳು ತಿಕೋಟಾದಲ್ಲಿ ನಾಲ್ಕನೇ ತರಗತಿ ಮುಗಿಸಿದ್ದಳು. ಲೆಕ್ಕದಲ್ಲಿ ಚುರುಕು. ಕೇಳುವ ಮೊದಲೇ ಉತ್ತರ ಹೇಳಿ ಬೈಸಿಕೊಳ್ಳುವ ಜಾತಿ. ಹೆಂಡತಿ ಆ ಬೇಸಿಗೆಯಲ್ಲಿ ಒಂದೇ ಹಟ ಹಿಡಿದಳು.

"ಐದನೇತ್ತಾಕ್ಕ ಬಿಜಾಪುರದಾಗ ಇರೂಣ್ರಿ. ಅಕಿಗೆ ಛಲೋ ಸಾಲಿ ಬೇಕು. ನೀವು ದಿನಾ ತಿಕೋಟಾಕ್ಕ ಬಸ್ಸಿಗೆ ಹೋಗಿ ಬರ್ರಿ, ಏನ ಸವೀತೀರಿ?"

ಸವೆಯುವುದೇನೂ ಇಲ್ಲ ಎಂದು ನಾನೂ ಒಪ್ಪಿದೆ. ಅಲ್ಲಿಂದ ಮುಂದೆ ಎರಡು ತಿಂಗಳು, ಭಾನುವಾರ ಬಂತೆಂದರೆ ಮೋಟಾರ್ ಸೈಕಲ್ಲಿನ ಮೇಲೆ ವಿಜಯಪುರದ ಹೊಸ ಹೊಸ ಲೇಔಟುಗಳನ್ನು ಸುತ್ತಿದೆವು. ನಾನು ನೋಡುತ್ತಿದ್ದುದು ರಸ್ತೆಯ ಅಗಲ, ಗಟಾರದ ಇಳಿಜಾರು, ಮಳೆ ನೀರು ಯಾವ ಕಡೆ ಹೋಗುತ್ತದೆ ಅನ್ನುವುದು. ಅವಳು ಕೇಳುತ್ತಿದ್ದುದು ಬೇರೆ. ಎಷ್ಟು ದಿನಕ್ಕೊಮ್ಮೆ ನೀರು ಬಿಡುತ್ತಾರೆ, ಮಧ್ಯಾಹ್ನ ಹೆಣ್ಣುಮಕ್ಕಳು ಕಟ್ಟೆಯ ಮೇಲೆ ಕೂಡುತ್ತಾರೋ ಇಲ್ಲ ಬಾಗಿಲು ಹಾಕಿಕೊಂಡು ಟೀವಿ ನೋಡುತ್ತಾರೋ, ಹಿಟ್ಟಿನ ಗಿರಣಿ ಎಷ್ಟು ದೂರ. ಒಂದು ಲೇಔಟಿನಲ್ಲಿ ಯಾರ ಮನೆಯ ಮುಂದೆಯೂ ರಂಗೋಲಿ ಇಲ್ಲ ಎಂದು ಇಳಿಯಲೇ ಇಲ್ಲ. ಗಾಡಿ ತಿರುಗಿಸಿ ಅಂದಳು, ತಿರುಗಿಸಿದೆ.

ಇಟ್ಟಂಗಿಹಾಳದ ಕಡೆಗೆ ಇರುವ ಒಂದು ಲೇಔಟು ಇಬ್ಬರಿಗೂ ಹಿಡಿಸಿತು. ಶಾಲೆ ಅಲ್ಲೇ ಇತ್ತು. ಬೇಸಿಗೆ ಶಿಬಿರ ಮುಗಿಸಿಕೊಂಡು ನಾಲ್ಕು ಹುಡುಗಿಯರು, ಕರೆದೊಯ್ಯಲು ಯಾರೂ ಇಲ್ಲದೆ, ಮಾತಾಡುತ್ತ ಮಾತಾಡುತ್ತ ಮನೆಗೆ ನಡೆದು ಹೋಗುತ್ತಿದ್ದರು. ಹೆಂಡತಿ ಅವರನ್ನೇ ನೋಡುತ್ತ ನಿಂತಳು. "ಇಲ್ಲೇ" ಅಂದಳು. ತಿಕೋಟಾ ರಸ್ತೆಗೂ ಅದು ಹತ್ತಿರ. ಮೇಲಾಗಿ ಅವಳ ಅಕ್ಕನ ಸ್ವಂತ ಮನೆ ಇದ್ದುದು ಅದೇ ಲೇಔಟಿನಲ್ಲಿ. ಅಲ್ಲಿಯೇ ಇರುವವರನ್ನು ಒಂದು ಮಾತು ಕೇಳೋಣ ಎಂದುಕೊಂಡೆವು.

ಷಡ್ಡಕ ಒಂದು ಕಾಲೇಜಿನಲ್ಲಿ ಆಫೀಸು ಸೂಪರಿಂಟೆಂಡೆಂಟ್. ಯಾವುದನ್ನು ಕೇಳಿದರೂ ಗೊತ್ತಿಲ್ಲ ಅನ್ನುವ ಮಾತೇ ಅವನ ಬಾಯಲ್ಲಿ ಬಂದದ್ದಿಲ್ಲ. ಬಬಲೇಶ್ವರದಲ್ಲಿ ಅತ್ತೆಯ ಮನೆಯಲ್ಲಿ ಎಲ್ಲರೂ ಸೇರಿದ್ದಾಗ ವಿಷಯ ತೆಗೆದೆ. ಅವನು ಶೇಂಗಾ ಹೋಳಿಗೆ ಮುರಿಯುತ್ತಿದ್ದವನು ಕೈ ನಿಲ್ಲಿಸಿದ.

"ಅಲ್ಲಿ ಬ್ಯಾಡ್ರಿ ಸಾಹೇಬ್ರ. ಸಾಲ್ಯಾಗ ಸೀಟ್ ಎಲ್ಲಾ ತುಂಬ್ಯಾವು. ನಾನ ಮೊನ್ನಿ ಮಂದೀ ಸಲುವಾಗಿ ಕೇಳಾಕ ಹೋಗಿದ್ನಿ, ಕೈಮುಗದ ಕಳಿಸಿದ್ರು. ನೀರಂತೂ ಎಂಟ ದಿನಕ್ಕೊಮ್ಮಿ. ಅದೂ ಬಂದ್ರ ಬಂದ್ವು."

"ಮತ್ತ ಎಲ್ಲಿ ನೋಡೂಣ್ರಿ ಅಣ್ಣಾರ?"

"ಗೋಳಗುಮ್ಮಟದ ಕಡೆ ಮನಿ ಹಿಡೀರಿ. ಅಲ್ಲಿಂದ ಆಟೋಕ್ಕ ಹೋಗುವಂಗ ಒಂದ ಛಲೋ ಸಾಲಿ ಐತಿ. ನಾ ಹೇಳ್ತೇನಿ."

ಅವನ ಹೆಂಡತಿ ಏನೋ ಅನ್ನಲು ಬಾಯಿ ತೆರೆದವಳು ಗಂಡನ ಮುಖ ನೋಡಿ ಒಳಗೆ ಎದ್ದು ಹೋದಳು. ಆಗ ನನಗದು ಕಾಣಲಿಲ್ಲ. ಆಮೇಲೆ ಎಷ್ಟೋ ಸಲ ಕಣ್ಣ ಮುಂದೆ ಬಂದಿದೆ. ನಾನೇ ಆ ಶಾಲೆಗೆ ಹೋಗಿ ಕೇಳಬಹುದಿತ್ತು. ಹತ್ತು ನಿಮಿಷದ ಕೆಲಸ. ಕೇಳಲಿಲ್ಲ. ದೊಡ್ಡವರು ಒಂದು ಮಾತು ಹೇಳಿದ ಮೇಲೆ ಹಿಂದೆಯೇ ಹೋಗಿ ಮತ್ತೊಬ್ಬರನ್ನು ವಿಚಾರಿಸಿದರೆ ಅದು ಅವರ ಮುಖಕ್ಕೆ ಹೊಡೆದ ಹಾಗೆ ಅನ್ನುವುದು ನಮ್ಮ ಮನೆತನಗಳ ರೂಢಿ. ಆ ಮರ್ಯಾದೆಯನ್ನು ನಾನು ಪಾಲಿಸಿದೆ. ಅದರ ದಂಡ ತೆತ್ತವಳು ನನ್ನ ಮಗಳು.

ಗೋಳಗುಮ್ಮಟದ ಹತ್ತಿರ ಹಿಡಿದ ಮನೆಯ ಬಗ್ಗೆ ನನ್ನದೇನೂ ದೂರಿಲ್ಲ. ಮನೆಯ ಮಾಲಕಿ, ನಾವು ಖಾಲಾ ಎಂದು ಕರೆಯುತ್ತಿದ್ದವರು, ನಮ್ಮ ಮಗಳಿಗೆ ದಿನಕ್ಕೊಂದು ನೆಪ ಹುಡುಕಿ ತಿನ್ನಿಸುತ್ತಿದ್ದರು. ನೀರು ಕಡಿಮೆಯಾದರೆ ತಾವೇ ಎರಡು ಕೊಡ ಹೊರಗಿಡುತ್ತಿದ್ದರು. ಕೆಟ್ಟದ್ದು ಶಾಲೆ. ಷಡ್ಡಕ ಹೊಗಳಿದ ಆ ಶಾಲೆ ಊರಿನ ಇನ್ನೊಂದು ತುದಿಗಿತ್ತು. ಆಟೋದಲ್ಲಿ ಹನ್ನೆರಡು ಮಕ್ಕಳು, ಹಿಂದಿನ ಸೀಟಿನ ಹಿಂದೆ ಚೀಲಗಳ ಮೇಲೆ ನನ್ನ ಮಗಳು. ತರಗತಿಯಲ್ಲಿ ಬೆಂಚಿಗೆ ಐದು ಜನ. ಲೆಕ್ಕದ ಟೀಚರು ಮಳೆಗಾಲದಲ್ಲೇ ನೌಕರಿ ಬಿಟ್ಟು ಹೋದರು. ಪರೀಕ್ಷೆಯ ತನಕ ಆ ಪಿರಿಯಡ್ಡಿನಲ್ಲಿ ಮಕ್ಕಳು ತಲೆ ಬಗ್ಗಿಸಿ ಕೂಡಬೇಕು, ಅಷ್ಟೆ.

ದಸರಾ ಹೊತ್ತಿಗೆ ಮಗಳಿಗೆ ದಿನಾ ಬೆಳಿಗ್ಗೆ ಹೊಟ್ಟೆನೋವು ಶುರುವಾಯಿತು. ಡಾಕ್ಟರು ಒತ್ತಿ ನೋಡಿದರು, ಏನೂ ಸಿಗಲಿಲ್ಲ. ಆಟೋದ ಹಾರ್ನ್ ಕೇಳಿದ ಕೂಡಲೇ ಅವಳ ಮುಖ ಬಿಳಿಚಿಕೊಳ್ಳುತ್ತಿತ್ತು. ಕೇಳುವ ಮೊದಲೇ ಉತ್ತರ ಹೇಳುತ್ತಿದ್ದವಳು ಕೇಳಿದ ಮೇಲೂ ಹೇಳದಂತಾದಳು. ಒಂದು ದಿನ ಏಳೆಂಟ್ಲಿ ಎಷ್ಟು ಎಂದು ಕೇಳಿದೆ. ಅವಳು ನನ್ನ ಮುಖ ನೋಡಿ, "ಅಪ್ಪಾ, ನಾ ದಡ್ಡಿ ಅದೇನಿ" ಅಂದಳು. ಹತ್ತು ವರ್ಷದ ಹುಡುಗಿ. ಆ ಮಾತನ್ನು ನಾನು ಸಾಯುವ ತನಕ ಮರೆಯುವುದಿಲ್ಲ.

ಆ ವರ್ಷವಿಡೀ ಒಂದು ವಿಚಿತ್ರ ನಡೆದಿತ್ತು. ಒಂದೇ ಊರಿನಲ್ಲಿದ್ದರೂ ಷಡ್ಡಕ ನಮ್ಮನ್ನು ಒಮ್ಮೆಯೂ ಮನೆಗೆ ಕರೆಯಲಿಲ್ಲ. ಬರುತ್ತೇವೆ ಅಂದರೆ, "ನೀವ್ಯಾಕ ತ್ರಾಸ ತಗೋತೀರಿ, ನಾವ ಬರ್ತೀವಿ" ಅನ್ನುತ್ತಿದ್ದ. ಮರುಬೇಸಿಗೆಯಲ್ಲಿ ಅತ್ತೆಗೆ ಕಣ್ಣಿನ ಆಪರೇಶನ್ ಆಗಿ ದೊಡ್ಡ ಮಗಳ ಮನೆಯಲ್ಲಿ ಉಳಿದರು. ಆಗ ತಡೆಯುವಂತಿರಲಿಲ್ಲ. ನೋಡಲು ಹೋದೆವು.

ಕಚೇರಿಯಿಂದ ಫೋನು ಬಂತು. ಕೆಳಗೆ ಸರಿಯಾಗಿ ಕೇಳಿಸಲಿಲ್ಲ. ಮಾತಾಡುತ್ತ ಮಾಳಿಗೆ ಹತ್ತಿದೆ. ಷಡ್ಡಕ ಹಿಂದೆಯೇ ಓಡಿ ಬಂದ. "ಇಲ್ಲೇ ಬಿಸಲ ಭಾಳ ಐತ್ರಿ, ಕೆಳಗ ನಡೀರಿ" ಅಂದ. ಅಷ್ಟರೊಳಗೆ ನಾನು ನೋಡಿಯಾಗಿತ್ತು.

ಅವನ ಮನೆಯ ಹಿಂದೆ ಲೇಔಟಿನ ಉದ್ಯಾನದ ಜಾಗ. ಉದ್ಯಾನ ಅಂದರೆ ಹೆಸರಿಗೆ. ಒಂದು ಬೋರ್ಡು, ನಾಲ್ಕು ಬೇವಿನ ಗಿಡ, ಹುಡುಗರ ಕ್ರಿಕೆಟ್. ಆ ಸಾಲಿನ ಮೂರು ಮನೆಗಳ ಹಿತ್ತಲ ಗೋಡೆ ಒಂದೇ ಗೆರೆಯಲ್ಲಿ ನಿಂತಿದ್ದವು. ನಾಲ್ಕನೆಯದು, ನನ್ನ ಷಡ್ಡಕನದು, ಉದ್ಯಾನದೊಳಗೆ ಮುಂದೆ ಬಂದಿತ್ತು. ಬರಿಗಣ್ಣಿಗೆ ಐದು ಅಡಿ. ಒಳಗೆ ತಗಡಿನ ಕೆಳಗೆ ಕಾರು, ಪಕ್ಕದಲ್ಲಿ ಕರಿಬೇವಿನ ಗಿಡ, ಒಂದು ತೂಗುಮಂಚ. ಬೇರೆಯವರು ಹತ್ತು ವರ್ಷ ಆ ಮಾಳಿಗೆಯ ಮೇಲೆ ಸಂಡಿಗೆ ಒಣಗಿಸಿದರೂ ಅದನ್ನು ಕಾಣುತ್ತಿರಲಿಲ್ಲ. ನನಗೆ ಒಂದು ಕ್ಷಣ ಸಾಕಾಯಿತು. ನಾನು ಅವನ ಮುಖ ನೋಡಿದೆ. ಅವನು ಬೇವಿನ ಗಿಡ ನೋಡುತ್ತಿದ್ದ.

ವಾಪಸು ಹೊರಟಾಗ ಶಾಲೆಯ ಗೇಟಿನ ಮುಂದೆ ಗಾಡಿ ನಿಲ್ಲಿಸಿ ಕಾವಲುಗಾರನನ್ನು ಕೇಳಿದೆ, ಹೋದ ವರ್ಷ ಐದನೇ ತರಗತಿಗೆ ಸೀಟು ಯಾವಾಗ ತುಂಬಿದ್ದವು ಎಂದು.

"ತುಂಬಿದ್ದು ಎಲ್ಲೀದ್ರಿ ಸರ? ಜೂನ್ ತನಕ ಗೇಟಿಗೆ ಬ್ಯಾನರ್ ಕಟ್ಟಿದ್ವಿ, ಸೀಟ್ ಖಾಲಿ ಅದಾವ ಅಂತ. ಹೆಸರ ಹಚ್ಚಾಕ ಬಂದವರು ಯಾರೂ ಹಂಗ ಹೊಳ್ಳಿ ಹೋಗಿಲ್ರಿ."

ಹೆಂಡತಿ ಹಿಂದೆ ಕುಳಿತಿದ್ದಳು. ಅವಳೂ ಕೇಳಿದಳು. ನನಗೆ ಎಲ್ಲವೂ ತಿಳಿದಿತ್ತು. ಐದು ಅಡಿ ಗೋಡೆಗಾಗಿ, ಒಬ್ಬ ಸರ್ವೇಯರ್ ತನ್ನ ನೆರೆಗೆ ಬಾರದಿರಲಿ ಎಂಬುದಕ್ಕಾಗಿ, ಅವನು ನನ್ನ ಮಗಳನ್ನು ಊರಾಚೆಯ ಆಟೋದಲ್ಲಿ ತುರುಕಿದ್ದ. ಬಂದು ಕೈಹಿಡಿದು, "ತಪ್ಪಾಗ್ಯದ, ನೋಡಿಯೂ ನೋಡದಂಗ ಇರ್ರಿ" ಅಂದಿದ್ದರೆ ಬಹುಶಃ ಇರುತ್ತಿದ್ದೆ. ಸಂಬಂಧಿಕರ ಸಲುವಾಗಿ ಮನುಷ್ಯ ಏನೇನೋ ನುಂಗುತ್ತಾನೆ. ಆದರೆ ಅವನು ಬಲಿ ಕೊಟ್ಟದ್ದು ನನ್ನ ಮಗಳ ಒಂದು ವರ್ಷವನ್ನು. ಆ ಗೋಡೆ ಬೀಳುವುದನ್ನು ನಾನು ಕಣ್ಣಾರೆ ನೋಡಬೇಕು ಎಂದು ಅವತ್ತೇ ನಿರ್ಧರಿಸಿದೆ.

ಹದಿನೈದು ದಿನದೊಳಗೆ ಅದೇ ಲೇಔಟಿನಲ್ಲಿ, ಅವನ ಮನೆಯ ಎದುರು ಸಾಲಿನಲ್ಲಿ ಬಾಡಿಗೆ ಮನೆ ಹಿಡಿದೆ. ಮಗಳ ಹೆಸರನ್ನು ಆರನೇ ತರಗತಿಗೆ ಹಚ್ಚಿದೆವು. ಹಾಲು ಉಕ್ಕಿಸಿದ ದಿನ ಷಡ್ಡಕ ಪೇಡೆಯ ಡಬ್ಬಿ ಹಿಡಿದು ಬಂದ. ಮುಖ ಸುಟ್ಟ ಬದನೆಕಾಯಿ. "ಸೀಟ್ ಸಿಕ್ತಲ್ರಿ, ನಿಮ್ಮ ನಸೀಬ ದೊಡ್ಡದು" ಅಂದ. "ಹೌದ್ರಿ ಅಣ್ಣಾರ, ನಿಮ್ಮ ಆಶೀರ್ವಾದ" ಅಂದೆ. ಪೇಡೆ ತಿಂದೆ. ನೀರು ಎಂಟು ದಿನಕ್ಕಲ್ಲ, ನಾಲ್ಕು ದಿನಕ್ಕೊಮ್ಮೆ ಬರುತ್ತಿತ್ತು. ಅದನ್ನೂ ಮನಸ್ಸಿನಲ್ಲಿ ಬರೆದುಕೊಂಡೆ.

ಶಾಲೆಯ ಬಗ್ಗೆ ಸುಳ್ಳು ಹೇಳಲಾರೆ. ಅದು ನಿಜಕ್ಕೂ ಒಳ್ಳೆಯ ಶಾಲೆ. ಲೆಕ್ಕದ ಸರ್ ಬೋರ್ಡಿನ ಮೇಲೆ ಬರೆಯುವುದಕ್ಕಿಂತ ಹೊರಗೆ ಕರೆದೊಯ್ದು ಕಲಿಸುವುದೇ ಹೆಚ್ಚು. ಗಿಡದ ನೆರಳು ಅಳೆದು ಗಿಡದ ಎತ್ತರ ತೆಗೆಸುತ್ತಿದ್ದರು. ತಪ್ಪು ಹೇಳಿದವರಿಗೆ, ಎಲ್ಲಿ ದಾರಿ ತಪ್ಪಿದೆ ನೀನೇ ಹುಡುಕು ಎಂದು ಮತ್ತೆ ಕಳಿಸುತ್ತಿದ್ದರು. ಒಂದು ತಿಂಗಳಲ್ಲಿ ಮಗಳ ಹೊಟ್ಟೆನೋವು ಮಾಯ. ಎರಡು ತಿಂಗಳಿಗೆ ಊಟದ ತಾಟಿನ ಮುಂದೆ ಕೂತು ನನಗೇ ಲೆಕ್ಕ ಹಾಕತೊಡಗಿದಳು. ಮಧ್ಯಾಹ್ನ ಗೆಳತಿಯರ ಜೊತೆ ಮಾತಾಡುತ್ತ ಮನೆಗೆ ನಡೆದು ಬರುತ್ತಿದ್ದಳು. ಹೆಂಡತಿ ಅದನ್ನು ನೋಡಲೆಂದೇ ಆ ಹೊತ್ತಿಗೆ ಕಟ್ಟೆಗೆ ಬಂದು ಕೂಡುತ್ತಿದ್ದಳು.

"ಇನ್ನ ಬಿಡ್ರಿ. ಮಗಳು ನಗಾಕತ್ತಾಳ, ಅಷ್ಟ ಸಾಕು. ಆಕಿ ನನ್ನ ಒಡಹುಟ್ಟಿದಾಕಿ" ಅಂದಳು ಹೆಂಡತಿ.

ನಾನು ಬಿಡಲಿಲ್ಲ. ಶ್ರಾವಣ ಮುಗಿಯುವ ತನಕ ಸುಮ್ಮನಿದ್ದೆ, ಅಷ್ಟೆ. ಬಂದ ಕೂಡಲೇ ಕೈ ಹಾಕಿದರೆ ಮಂದಿ ಸೇಡು ಅನ್ನುತ್ತಾರೆ. ಮೂರು ತಿಂಗಳು ತಡೆದರೆ ನಾಗರಿಕ ಪ್ರಜ್ಞೆ ಅನ್ನುತ್ತಾರೆ. ಆಮೇಲೆ ಮಂಜೂರಾದ ನಕಾಶೆಯ ಪ್ರತಿ ತೆಗೆಸಿ, ಉದ್ಯಾನದ ಜಾಗವನ್ನು ಅಳತೆ ಮಾಡಿ ಹದ್ದು ಗುರುತಿಸಬೇಕೆಂದು ನಗರದ ಕಚೇರಿಗೆ ಅರ್ಜಿ ಕೊಟ್ಟೆ. ಅದರಲ್ಲಿ ಬಾಜೂದಾರರ, ಅಂದರೆ ಪಕ್ಕದ ಜಾಗದವರ, ಹೆಸರು ಬರೆಯುವ ಕಡೆ ನಾಲ್ಕು ಗೆರೆ ಇದ್ದವು. ನಾನು ಒಂದೇ ಹೆಸರು ಬರೆದೆ. ಅಂಥ ಸುಂದರ ಅಕ್ಷರ ನಾನು ಮತ್ತೆಂದೂ ಬರೆದಿಲ್ಲ.

ನೋಟಿಸು ಅವನ ಮನೆಗೆ ಹೋಯಿತು. ಮುಂದಿನ ಗುರುವಾರ ಅಳತೆ. ಆ ದಿನದಿಂದ ಷಡ್ಡಕ ಬಾಲ ಸುಟ್ಟ ಬೆಕ್ಕಿನಂತೆ ಮನೆ ಮುಂದೆ ಹಿಂದೆ ತಿರುಗಾಡತೊಡಗಿದ. ನಾನು ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತ ನೋಡಿದೆ. ಎಷ್ಟು ಖುಷಿಯಾಯಿತು ಅಂದರೆ ಎರಡನೇ ಕಪ್ ಕೇಳಿದೆ. ಹೆಂಡತಿಯ ಅಕ್ಕ ಹಿತ್ತಲ ಬಾಗಿಲಿನಿಂದ ಬಂದು ಅಡಿಗೆಮನೆಯಲ್ಲಿ ಅತ್ತಳು. "ನಾ ಅವತ್ತ ಹೇಳಬೇಕಂತ ಬಾಯಿ ತಗದಿದ್ನೆವಾ, ಧೈರ್ಯ ಆಗಲಿಲ್ಲ" ಅನ್ನುವುದು ನನಗೆ ಕೇಳಿಸಿತು. ಹೆಂಡತಿ ಎರಡನೇ ಕಪ್ ಮಾಡಿ ಕೊಡಲಿಲ್ಲ. ನಾನೇ ಮಾಡಿಕೊಂಡೆ.

ನಗರದ ಸರ್ವೇಯರ್‌ನನ್ನು ಷಡ್ಡಕ ಎಲ್ಲಿ ಮಾತಿನಲ್ಲಿ ಮರುಳು ಮಾಡುತ್ತಾನೋ ಎಂದು, ನನ್ನದೇ ಒಂದು ಅಳತೆ ಸಿದ್ಧವಿರಲಿ ಅನ್ನಿಸಿತು. ಭಾನುವಾರ ಮುಂಜಾನೆ ನೂರು ಅಡಿ ಟೇಪು, ಅಳತೆ ಪುಸ್ತಕ ತೆಗೆದುಕೊಂಡು ಹೊರಟೆ. ಮಗಳು ತಾನೂ ಬರುತ್ತೇನೆ ಅಂದಳು. ಟೇಪಿನ ಆ ತುದಿ ಹಿಡಿಯಲು ಒಬ್ಬರು ಬೇಕೇ ಬೇಕು. ನಮ್ಮ ಕೆಲಸದ ನಿಯಮ ಹೇಳಿಕೊಟ್ಟೆ. ಟೇಪು ಜೋತು ಬೀಳಬಾರದು, ಜೋತು ಬಿದ್ದರೆ ಅಳತೆ ಸುಳ್ಳೇ ಹೆಚ್ಚು ಬರುತ್ತದೆ. ಆ ತುದಿಯವರು ಓದಿ ಕೂಗಬೇಕು. ಈ ತುದಿಯವರು ಅದನ್ನು ತಿರುಗಿ ಹೇಳಿ, ಟೇಪು ಎತ್ತುವ ಮೊದಲೇ ಬರೆಯಬೇಕು. ಅವಳು ಸೈನಿಕನಂತೆ ತಲೆಯಾಡಿಸಿದಳು.

ಎರಡು ಬದಿ ರಸ್ತೆ; ಅವುಗಳ ಅಂಚು ಸರಿಯಾಗಿತ್ತು. ಅಡ್ಡ ಅಳತೆ ನಕಾಶೆಯಲ್ಲಿ ಎಂಬತ್ತು ಅಡಿ. ಮೂರು ಮನೆಗಳ ಹಿಂದೆ ಎಲ್ಲಿ ಹಿಡಿದರೂ ಎಂಬತ್ತು. ಷಡ್ಡಕನ ಗೋಡೆಗೆ ಬಂದಾಗ ಮಗಳು ಕೂಗಿದಳು, "ಎಪ್ಪತ್ತೈದು!"

"ಎಪ್ಪತ್ತೈದು" ಎಂದು ನಾನೂ ಕೂಗಿದೆ. ಅವನ ಕಿವಿಗೆ ಬೀಳಲಿ ಎಂದು ಸ್ವಲ್ಪ ಜೋರಾಗಿಯೇ. ಬರೆದೆ. ಗೋಡೆಯಾಚೆ ತೂಗುಮಂಚದ ಕಿರಿಕಿರಿ ಸದ್ದು ನಿಂತಿತು. ಆ ಸುಖವನ್ನು ಹೇಗೆ ಹೇಳಲಿ? ನನ್ನ ಮಗಳ ಬಾಯಿಂದಲೇ ಬಂತಲ್ಲ ಆ ಅಂಕಿ ಎಂದು ಮೈ ಜುಮ್ಮೆಂದಿತು.

ಇನ್ನು ಉಳಿದದ್ದು ನಾಲ್ಕನೇ ಬದಿ. ಅಲ್ಲಿ ಜಾಲಿಕಂಟಿ ದಟ್ಟವಾಗಿ ಬೆಳೆದಿತ್ತು, ಹಿಂದೆ ಯಾವುದೋ ಗೋಡೆ. ಆ ಕಡೆ ನಾನು ತಲೆ ಎತ್ತಿಯೂ ನೋಡಿರಲಿಲ್ಲ. ನನಗೆ ಬೇಕಾದದ್ದು ಒಂದೇ ಗೋಡೆ. ಆದರೆ ಮೂರು ಬದಿಯ ನಕ್ಷೆಯನ್ನು ಯಾವ ಸರ್ವೇಯರೂ ಕೈಯಲ್ಲಿ ಹಿಡಿಯುವುದಿಲ್ಲ. ಉದ್ದ ನಕಾಶೆಯಲ್ಲಿ ನೂರಾ ಇಪ್ಪತ್ತು ಅಡಿ. ನನ್ನ ಟೇಪು ನೂರರದು; ಎರಡು ಸಲ ಹಿಡಿಯಬೇಕು ಎಂದುಕೊಂಡೆ. ನಾನು ರಸ್ತೆಯ ಅಂಚಿನಲ್ಲಿ ಸೊನ್ನೆ ಹಿಡಿದು ನಿಂತೆ. ಮಗಳು ಕಂಟಿಯ ಸಂದಿಯಲ್ಲಿ ಬಗ್ಗಿ ಒಳಗೆ ಹೋದಳು. ಟೇಪು ನಿಂತಿತು.

"ತೊಂಬತ್ತೇಳೂವರಿ!"

ನಾನು ನಕಾಶೆ ಬಿಡಿಸಿ ಮತ್ತೊಮ್ಮೆ ನೋಡಿದೆ.

"ಅಪ್ಪಾ, ತೊಂಬತ್ತೇಳೂವರಿ! ಕೇಳ್ತೇನು? ಗ್ವಾಡಿಗೆ ಹಚ್ಚೇನಿ. ಇದು ನಮ್ಮ ಸಾಲಿ ಗ್ವಾಡಿ ಐತಿ. ಕಿಡಕ್ಯಾಗ ನಮ್ಮ ಕ್ಲಾಸ್ ಕಾಣತೈತಿ, ನನ್ನ ಬೆಂಚ ಇಲ್ಲೇ ಐತಿ!"

ಅವಳ ದನಿಯಲ್ಲಿ ನಿಧಿ ಸಿಕ್ಕವರ ಖುಷಿ. ಇಪ್ಪತ್ತೆರಡೂವರೆ ಅಡಿ ಕಮ್ಮಿ. ನಾನೇ ಕಂಟಿ ಸರಿಸಿ ಹೋಗಿ ನೋಡಿದೆ. ಎರಡು ವರ್ಗಕೋಣೆ, ಒಂದು ಹೆಣ್ಣುಮಕ್ಕಳ ಶೌಚಾಲಯ, ಪೂರ್ತಿ ಉದ್ಯಾನದ ಜಾಗದಲ್ಲಿ. ಷಡ್ಡಕ ಕದ್ದದ್ದು ಐದು ಅಡಿ. ಶಾಲೆಯ ಮುಂದೆ ಅವನು ಬರೀ ಚಿಲ್ಲರೆ ಕಳ್ಳ. ಗುರುವಾರ ನಗರದ ಸರ್ವೇಯರ್ ಬಂದರೆ ಒಂದು ಬದಿ ಅಳೆದು ಹೋಗುವುದಿಲ್ಲ, ನಾಲ್ಕೂ ಅಳೆಯುತ್ತಾನೆ. ಹದಿನೆಂಟು ವರ್ಷ ನಾನೂ ಹಾಗೇ ಮಾಡಿದ್ದೇನೆ. ಅರ್ಜಿ ಬರೆಯುವಾಗ ಈ ಮಾತು ತಲೆಗೆ ಹೊಳೆಯದಷ್ಟು ಸಿಟ್ಟು ನನ್ನನ್ನು ಕುರುಡು ಮಾಡಿತ್ತು. ಗೋಡೆ ಬಿದ್ದರೆ ಎರಡೂ ಬೀಳುತ್ತವೆ. ಆರನೇ, ಏಳನೇ ತರಗತಿಗಳು ಎಲ್ಲಿಗೆ ಹೋಗಬೇಕು? ಮತ್ತೆ ಆಟೋ, ಮತ್ತೆ ಚೀಲಗಳ ಮೇಲೆ ಕೂಡುವುದು, ಮತ್ತೆ ಬೆಳಗಿನ ಹೊಟ್ಟೆನೋವು.

"ಸುತ್ತು ಟೇಪ" ಅಂದೆ. ಪುಸ್ತಕದಲ್ಲಿ ನಾಲ್ಕನೇ ಗೆರೆ ಖಾಲಿ ಉಳಿಯಿತು.

ಮೂರು ದಿನ ನನ್ನೊಳಗೇ ಜಗಳ ನಡೆಯಿತು. ಬೀಳಲಿ ಎರಡೂ, ನ್ಯಾಯ ನ್ಯಾಯವೇ ಎಂದು ಒಂದು ಗಳಿಗೆ ಅನ್ನಿಸುತ್ತಿತ್ತು. ಅದು ನ್ಯಾಯವಲ್ಲ, ಷಡ್ಡಕನ ಮುಖ ನೋಡುವ ಚಪಲ ಎಂದು ನನಗೇ ಗೊತ್ತಿತ್ತು. ಬುಧವಾರ ಅರ್ಧ ದಿನ ರಜೆ ಹಾಕಿ ಕಚೇರಿಗೆ ಹೋಗಿ ಅರ್ಜಿ ವಾಪಸು ತೆಗೆದುಕೊಂಡೆ. ಕಾರಣ ಬರೆಯಿರಿ ಅಂದರು. "ಅರ್ಜಿದಾರರ ತಪ್ಪು ತಿಳುವಳಿಕೆಯಿಂದ ಅರ್ಜಿ ಸಲ್ಲಿಸಲಾಗಿದ್ದು, ಉದ್ಯಾನದ ಹದ್ದುಗಳು ಸರಿ ಇರುತ್ತವೆ" ಎಂದು ನನ್ನ ಕೈಯಿಂದ ಬರೆದು ಸಹಿ ಹಾಕಿದೆ. ಹದಿನೆಂಟು ವರ್ಷದ ಸರ್ವೇಯರನ ಸಹಿ.

ಹೊರಗಿನವರಿಗೆ ಕಂಡದ್ದು ಇಷ್ಟೇ: ಅರ್ಜಿ ಕೊಟ್ಟವನು ಸಂಬಂಧದ ಸಲುವಾಗಿ ಹಿಂದೆ ತೆಗೆದುಕೊಂಡ. ದಸರೆಯ ದಿನ ಸಂಜೆ ಬಂಗಾರವೆಂದು ಬನ್ನಿ ಎಲೆ ಕೊಡಲು ಓಣಿಯ ಮಂದಿಯೆಲ್ಲ ಮನೆಯಿಂದ ಮನೆಗೆ ತಿರುಗುತ್ತಿದ್ದರು. ನಮ್ಮ ಕಡೆ ಆ ಸಂಜೆ ವೈರಿ ಬಂದು ಬನ್ನಿ ಎಲೆ ಕೊಟ್ಟರೂ ಬೇಡ ಅನ್ನುವಂತಿಲ್ಲ, ತೆಗೆದುಕೊಂಡು ಅಪ್ಪಿಕೊಳ್ಳಬೇಕು. ಷಡ್ಡಕ ಹೊಸ ಅಂಗಿ ಹಾಕಿಕೊಂಡು ಹತ್ತು ಜನರ ನಡುವೆ ಬಂದ.

"ನಮ್ಮ ಸಾಹೇಬ್ರದು ದೊಡ್ಡ ಮನಸ್ಸ ನೋಡ್ರಿ! ಬಂಗಾರ ತಗೋರಿ, ಬಂಗಾರದಂಗ ಇರೂಣು" ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ನನ್ನ ಕೈಯಲ್ಲಿ ಬನ್ನಿ ಇಟ್ಟು ಬಿಗಿಯಾಗಿ ಅಪ್ಪಿಕೊಂಡ. ಅಪ್ಪಿಕೊಂಡಾಗ ಬಾಯಿ ಕಿವಿಗೆ ಬಂತು. ದನಿ ತಗ್ಗಿಸಿದ.

"ನೋಟಿಸ್ ಬಂದ ಮ್ಯಾಲ ನಾನೂ ಹಗ್ಗಾ ಹಿಡದ ಅಳದ್ನಿರಿ. ಸಾಲಿ ಗ್ವಾಡಿ ಬೀಳೂತನಕಾ ನಮ್ಮ ಗ್ವಾಡಿಗೆ ಏನ ಚಿಂತಿಲ್ಲ, ಹೌದಲ್ರಿ?"

ನಾನೂ ಅವನ ಬೆನ್ನು ತಟ್ಟಿದೆ. ಮಂದಿ ನೋಡುತ್ತಿದ್ದರು. ನನ್ನ ಮಗಳ ಬೆಂಚಿನ ಹಿಂದೆ ಅಡಗಿ ಕೂತಿದ್ದಾನೆ, ನಾನೇ ಕೂರಿಸಿದ್ದೇನೆ. ಆ ಬನ್ನಿ ಎಲೆಗಳನ್ನು ದೇವರ ಜಗಲಿಯ ಮೇಲೆ ಇಡಲಿಲ್ಲ; ಮುಷ್ಟಿಯಲ್ಲೇ ಪುಡಿಯಾಗಿದ್ದವು.

ದಸರಾ ರಜೆ ಮುಗಿದ ಮೇಲೆ ಲೆಕ್ಕದ ಸರ್ ಮಕ್ಕಳಿಗೆ ಒಂದು ಕೆಲಸ ಕೊಟ್ಟರು. ನಿಮಗೆ ಗೊತ್ತಿರುವ ಒಂದು ಜಾಗವನ್ನು ಅಳೆದು, ನಕ್ಷೆ ಬರೆದು, ಅದರ ವಿಸ್ತೀರ್ಣ ತೆಗೆದು ತನ್ನಿ. ಮಗಳು ನಮ್ಮ ಉದ್ಯಾನವನ್ನೇ ಆರಿಸಿಕೊಂಡಳು. ಎಲ್ಲ ಅಳೆದಾಗಿದೆಯಲ್ಲ ಎಂದು ನನ್ನ ಪುಸ್ತಕ ತೆಗೆದು ಕೂತಳು. ಸ್ವಲ್ಪ ಹೊತ್ತಿಗೆ ಎದ್ದು ನನ್ನ ಹತ್ತಿರ ಬಂದಳು.

"ಅಪ್ಪಾ, ಕಡೀದು ಯಾಕ ಬರದಿಲ್ಲ? ನಾ ತೊಂಬತ್ತೇಳೂವರಿ ಅಂತ ಒದರಿದ್ನೆಲ್ಲ."

"ನೂರಾ ಇಪ್ಪತ್ತ ಬರಿ."

"ಯಾಕ?"

"ಅವತ್ತ ಟೇಪ ಜೋತ ಬಿದ್ದಿತ್ತು. ನಕಾಶ್ಯಾಗ ಇದ್ದದ್ದ ಖರೆ."

ಅವಳು ಪುಸ್ತಕ ಮುಚ್ಚಲಿಲ್ಲ. ನನ್ನನ್ನೇ ನೋಡಿದಳು.

"ಜೋತ ಬಿದ್ರ ಹೆಚ್ಚ ಬರತೈತಿ ಅಂತ ನೀನ ಹೇಳಿದ್ದೆಲ್ಲ. ಕಡಿಮಿ ಬರಂಗಿಲ್ಲ."

ಒಳಗೆ ಸಿಟ್ಟು ಇತ್ತು, ಅದನ್ನೇ ತೋರಿಸಿದೆ. "ಹೇಳಿದಷ್ಟ ಬರೀ" ಎಂದು ಗದರಿದೆ. ಅವಳು ಕಿಟಕಿಯ ಹತ್ತಿರ ಹೋಗಿ ಕೂತು, ಸ್ಕೇಲು ಹಿಡಿದು, ನಿಧಾನವಾಗಿ ನೂರಾ ಇಪ್ಪತ್ತು ಬರೆದಳು. ಬರೆದು, ಎಂಬತ್ತರಿಂದ ಗುಣಿಸಿದಳು. ದೊಡ್ಡಪ್ಪನ ಗೋಡೆಯನ್ನೂ ನೇರ ಮಾಡಿದಳು. ಅದನ್ನು ನಾನು ಹೇಳಿರಲಿಲ್ಲ.

ಆ ಷಡ್ಡಕ ನನ್ನಿಂದ ಏನೇನು ಕಿತ್ತುಕೊಂಡ ಎಂಬುದರಲ್ಲಿ ಇದೊಂದನ್ನು ನಾನು ಯಾರಿಗೂ ಹೇಳಿಲ್ಲ. ಮಗಳು ಹತ್ತನೇ ತರಗತಿ ಮುಗಿಸಿ ಆ ಶಾಲೆಯ ಗೇಟು ದಾಟಿದ ಮರುದಿನ ಹೊಸ ಅರ್ಜಿ ಹೋಗುತ್ತದೆ. ಆ ಅರ್ಜಿಯಲ್ಲಿ ಶಾಲೆಯ ಹೆಸರೂ ಸೇರಿ ನಾಲ್ಕು ಗೆರೆಯೂ ತುಂಬಿರುತ್ತವೆ. ಎರಡು ವರ್ಷದಿಂದ ಅದೇ ಆಸೆಯಲ್ಲಿ ಅವನ ಮನೆಯ ಎದುರು ಬದುಕುತ್ತಿದ್ದೇನೆ, ದಿನಾ ಕಿಟಕಿಯಿಂದ ಅವನ ಗೇಟು ನೋಡುತ್ತೇನೆ.

ಆ ನಕ್ಷೆಗೆ ಹತ್ತಕ್ಕೆ ಹತ್ತು ಅಂಕ ಬಂದಿತ್ತು. ಕೆಳಗೆ ಸರ್ ಕೆಂಪು ಪೆನ್ನಿನಲ್ಲಿ "ಶಾಭಾಸ್, ನಿಖರ ಅಳತೆ" ಎಂದು ಬರೆದಿದ್ದರು. ಅಂಕ ಬಂದ ಕೂಡಲೇ ಬಾಗಿಲಿನಿಂದಲೇ ಕೂಗುತ್ತ ಬರುವ ಹುಡುಗಿ ಅದನ್ನು ನನಗೆ ತೋರಿಸಲಿಲ್ಲ. ವಾರದ ಮೇಲೆ, ಅವಳ ಚೀಲದಲ್ಲಿ ಪೆನ್ಸಿಲ್ ಹುಡುಕುವಾಗ, ನಾಲ್ಕು ಮಡಿಕೆಯಾಗಿ ತಳದಲ್ಲಿ ಬಿದ್ದಿದ್ದ ಆ ಹಾಳೆ ನನ್ನ ಕೈಗೆ ಸಿಕ್ಕಿತು.